ಅಪ್ಪಯ್ಯನ ಕೆಳಗಿನ ಹಲ್ಲಿನ ಸೆಟ್ ನಿಲ್ಲುತ್ತಿಲ್ಲ: ಹೊಸದು ಮಾಡಿಸಬೇಕೇ, ಇಂಪ್ಲಾಂಟ್‌ಗೆ ಹೋಗಬೇಕೇ?

ತೋಟದಂಚು (ಶಿರಸಿ):

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗಿರುವ ಹಳ್ಳಿ. ಅಪ್ಪಯ್ಯನಿಗೆ 71 ವರ್ಷ. ಐವತ್ತು ವರ್ಷ ಎಲೆ-ಅಡಿಕೆಯ ಕವಳ ಹಾಕಿದ ಬಾಯಿ. ಒಸಡು ಕೆಟ್ಟು ಹಲ್ಲುಗಳು ಒಂದೊಂದಾಗಿ ಅಲುಗಾಡತೊಡಗಿ, ಕಳೆದ ಮಾರ್ಚ್ ಹೊತ್ತಿಗೆ ಒಂಬತ್ತು ಮಾತ್ರ ಉಳಿದಿದ್ದವು, ಅವೂ ಸಡಿಲ. ಪೇಟೆಯ ದಂತವೈದ್ಯರು ಎಲ್ಲವನ್ನೂ ಕಿತ್ತು ಮೇಲೆ ಕೆಳಗೆ ಪೂರ್ತಿ ಸೆಟ್ ಕಟ್ಟಿಸುವುದೇ ಸರಿ ಎಂದರು. ಏಪ್ರಿಲ್ ಕೊನೆಯಲ್ಲಿ ಮನೆಯಲ್ಲಿ ಉಪನಯನವಿತ್ತು. ಬೊಚ್ಚು ಬಾಯಲ್ಲಿ ನೆಂಟರೆದುರು ನಿಲ್ಲಲಾರೆ ಎಂದು ಅಪ್ಪಯ್ಯ ಹಟ ಹಿಡಿದದ್ದರಿಂದ, ಕಡೆಯ ಹಲ್ಲು ಕಿತ್ತ ನಾಲ್ಕನೆಯ ವಾರಕ್ಕೇ ಸೆಟ್ ಬಾಯಿಗೆ ಬಂತು. ಇನ್ನಷ್ಟು ಕಾದಿದ್ದರೆ ಒಳ್ಳೆಯದಿತ್ತು ಎಂದು ವೈದ್ಯರು ಆಗಲೇ ಹೇಳಿದ್ದರು. ಆ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಉಪನಯನದ ಫೋಟೋಗಳಲ್ಲಿ ಅಪ್ಪಯ್ಯ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಾತ್ರ ಕೆಳಗಿನ ಸೆಟ್ ತೇಲಲು ಶುರುವಾಯಿತು. ಮಾತಾಡಲು ನಾಲಿಗೆ ಎತ್ತಿದರೆ ಅದೂ ಏಳುತ್ತದೆ, ತೆಳ್ಳೇವಿನಂಥ ಮೆತ್ತನೆಯ ದೋಸೆ ತಿನ್ನುವಾಗಲೂ ಸೆಟ್‌ನ ಅಡಿಗೆ ಅನ್ನದ ಅಗುಳು ಸಿಕ್ಕಂತೆ ಚುಚ್ಚುತ್ತದೆ, ಎಡಗಡೆ ಒಸಡಿನ ಮೇಲೆ ಕೆಂಪಾದ ಒಂದು ಗೆರೆ ಬಿದ್ದಿದೆ. "ತಮಾ, ಇದು ಬಾಯಲ್ಲಿ ನಿಲ್ತಿಲ್ಲೆ" ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಮೇಲಿನದು ಅಷ್ಟು ತೊಂದರೆ ಕೊಡುತ್ತಿಲ್ಲ. ಈಗ ಎರಡು ತಿಂಗಳಿಂದ ಎರಡೂ ಸೆಟ್‌ಗಳು ಕಪಾಟಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಒಣಗುತ್ತಿವೆ. ಆಯಿ ಅವರಿಗೆ ಅನ್ನವನ್ನು ಗಂಜಿಯಷ್ಟು ಮೆತ್ತಗೆ ಬೇಯಿಸಿ ಕೊಡುತ್ತಿದ್ದಾಳೆ.

ಬೆಂಗಳೂರಿನಲ್ಲಿರುವ ತಂಗಿ ಈ ಸೆಟ್ ಎಸೆದು, ದವಡೆಯ ಮೂಳೆಗೆ ಲೋಹದ ಮೊಳೆ ಕೂರಿಸುವ ಇಂಪ್ಲಾಂಟ್ ಮಾಡಿಸೋಣ ಎನ್ನುತ್ತಾಳೆ. ನೆರೆಮನೆಯವರು ವೈದ್ಯರನ್ನೇ ಬದಲಿಸಿ ಎನ್ನುತ್ತಾರೆ. ಒಂದೇ ದಿನ, ಒಬ್ಬರೇ ಮಾಡಿದ ಎರಡು ಸೆಟ್‌ಗಳಲ್ಲಿ ಮೇಲಿನದು ನಿಂತು ಕೆಳಗಿನದು ಮಾತ್ರ ಕೈಕೊಟ್ಟದ್ದು ಏಕೆ? ಇದು ಕೆಲಸದ ದೋಷವೋ, ಬಾಯಿಯ ಸ್ವಭಾವವೋ? ಖರ್ಚು ಮಾಡುವ ಮೊದಲು ತಿಳಿದವರಿಂದ ಕೇಳಿಕೊಳ್ಳೋಣವೆಂದು ಬರೆಯುತ್ತಿದ್ದೇನೆ.

ಮೇಣದ ಕೆಲಸದವನು (ಕಾರವಾರ):

ನಾನು ದಂತವೈದ್ಯನಲ್ಲ; ವೈದ್ಯರು ಕಳಿಸುವ ಅಚ್ಚುಗಳಿಂದ ಹಲ್ಲಿನ ಸೆಟ್ ತಯಾರಿಸುವ ಲ್ಯಾಬ್‌ನಲ್ಲಿ ಹಲವು ವರ್ಷಗಳಿಂದ ದುಡಿಯುತ್ತಿರುವವನು. ಆದ್ದರಿಂದ ವಸ್ತುವಿನ ಕಡೆಯಿಂದ ಮಾತ್ರ ಹೇಳುತ್ತೇನೆ.

ಮೊದಲು ಮೇಲಿನ ಸೆಟ್ ಏಕೆ ನಿಲ್ಲುತ್ತದೆ ಎಂಬುದನ್ನು ನೋಡಿ. ತೊಳೆದ ಎರಡು ಸ್ಟೀಲ್ ತಟ್ಟೆಗಳನ್ನು ಒದ್ದೆಯಿರುವಾಗಲೇ ಒಂದರ ಮೇಲೊಂದು ಇಟ್ಟರೆ ಬಿಡಿಸಲು ಕಷ್ಟವಾಗುತ್ತದಲ್ಲ, ನಡೆಯುವುದು ಅದೇ. ಮೇಲಿನ ಸೆಟ್ ಇಡೀ ಅಂಗುಳವನ್ನು ಮುಚ್ಚುತ್ತದೆ. ಅಷ್ಟು ಅಗಲದ ಜಾಗದಲ್ಲಿ ಜೊಲ್ಲಿನ ತೆಳುವಾದ ಪದರ ಹರಡಿಕೊಂಡು, ಸುತ್ತಲಿನ ಅಂಚು ಗಾಳಿ ನುಸುಳದಂತೆ ಮುಚ್ಚಿಕೊಂಡರೆ ಅದು ಹಿಡಿದುಕೊಳ್ಳುತ್ತದೆ. ಕೆಳಗಿನದು ಲಾಳದ ಆಕಾರದ ಕಿರಿದಾದ ಪಟ್ಟಿ. ನಡುವೆ ನಾಲಿಗೆ, ಹೊರಗೆ ಕೆನ್ನೆ, ಅಡಿಯಲ್ಲಿ ನುಂಗುವಾಗಲೆಲ್ಲ ಮೇಲೇಳುವ ಬಾಯಿಯ ತಳ. ಮೂರು ಕಡೆಯಿಂದ ತಳ್ಳಿಸಿಕೊಳ್ಳುತ್ತ ಅದು ಕುಳಿತಿರಬೇಕು. ಹಾಗಾಗಿ ಎಷ್ಟೇ ಚೆನ್ನಾಗಿ ಮಾಡಿದರೂ ಮೇಲಿನ ಸೆಟ್‌ನ ಬಿಗಿಯನ್ನು ಕೆಳಗಿನದರಿಂದ ನಿರೀಕ್ಷಿಸುವಂತಿಲ್ಲ.

ಇನ್ನು, ಹೆಚ್ಚಿನ ಜನ ಸೆಟ್ ಎಂದರೆ ಚಪ್ಪಲಿಯಂತೆ ಅಳತೆ ಕೊಟ್ಟು ತರುವ ವಸ್ತು ಎಂದುಕೊಂಡಿದ್ದಾರೆ. ಒಂದು ಪೂರ್ತಿ ಸೆಟ್ ನಮ್ಮ ಕೈಗೂ ವೈದ್ಯರ ಕುರ್ಚಿಗೂ ನಾಲ್ಕೈದು ಸಲ ಓಡಾಡುತ್ತದೆ. ಮೊದಲ ಅಚ್ಚಿನಿಂದ ಆ ಬಾಯಿಗೆಂದೇ ಅಚ್ಚು ತೆಗೆಯುವ ಒಂದು ಟ್ರೇ ಮಾಡಿ ಕಳಿಸುತ್ತೇವೆ. ಅದರ ಅಂಚಿಗೆ ಹಸಿರು ಕಡ್ಡಿಯಂಥ ಮೇಣವನ್ನು ಬಿಸಿ ಮಾಡಿ ಮೆತ್ತಿ, ಕೆನ್ನೆ ಮತ್ತು ತುಟಿಗಳನ್ನು ಆಡಿಸಿ, ಅಂಚು ಎಲ್ಲಿಯವರೆಗೆ ಹೋಗಬಹುದೆಂದು ವೈದ್ಯರು ಗುರುತಿಸುತ್ತಾರೆ. ಆಮೇಲೆ ಲವಂಗದೆಣ್ಣೆಯ ವಾಸನೆಯ ಪೇಸ್ಟಿನಲ್ಲಿ ಎರಡನೆಯ ಅಚ್ಚು. ನಂತರ ಮೇಣದ ದಿಂಡುಗಳನ್ನಿಟ್ಟು ದವಡೆಗಳ ನಡುವಿನ ಎತ್ತರ ನೋಡಬೇಕು, ಹಲ್ಲಿನ ಬಣ್ಣ ಆರಿಸಬೇಕು, ಮೇಣದಲ್ಲೇ ಹಲ್ಲು ಜೋಡಿಸಿ ಬಾಯಿಗಿಟ್ಟು ಪರೀಕ್ಷಿಸಬೇಕು. ಬದಲಾವಣೆ ಹೇಳುವುದಿದ್ದರೆ ಆ ಮೇಣದ ಪರೀಕ್ಷೆಯ ದಿನವೇ ಹೇಳಿ. ಮರುದಿನ ಅದು ಅಕ್ರಿಲಿಕ್ ಆಗಿಬಿಟ್ಟಿರುತ್ತದೆ.

ಆ ಅಕ್ರಿಲಿಕ್ ಪುಡಿ ಮತ್ತು ದ್ರವ ಸೇರಿಸಿ ಕಲಸಿದ ಹಿಟ್ಟು. ಅದನ್ನು ಅಚ್ಚಿಗೆ ತುಂಬಿ ನೀರಿನಲ್ಲಿ ಸುಮಾರು 74 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು, ಕಡೆಗೆ ಕುದಿಸುತ್ತೇವೆ. ಆ ದ್ರವವೇ 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವುದರಿಂದ, ಆತುರಪಟ್ಟು ಒಮ್ಮೆಲೇ ಕಾಯಿಸಿದರೆ ಒಳಗೆ ಗುಳ್ಳೆಗಳೆದ್ದು ಸೆಟ್ ಜಾಳಾಗುತ್ತದೆ. ಬೇಗ ತಣಿಸಿದರೆ ಸೊಟ್ಟಗಾಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಕಂದುಗೆಂಪು ಗಟ್ಟಿ ರಬ್ಬರಿನ ಸೆಟ್‌ಗಳಿದ್ದವು. 1930ರ ದಶಕದ ಕೊನೆಯಲ್ಲಿ ಬಂದ ಅಕ್ರಿಲಿಕ್ ಅವನ್ನು ಹಿಂದೆ ಹಾಕಿತು.

ಇಷ್ಟು ಹೇಳಿದ್ದು ಒಂದು ಕಾರಣಕ್ಕೆ. ನಿಮ್ಮ ಸ್ಟೀಲ್ ಡಬ್ಬಿಯ ಮಾತು ಓದಿ ಮೈ ಝುಂ ಎಂದಿತು. ಅಕ್ರಿಲಿಕ್ ನೀರು ಹೀರಿಕೊಂಡು ಅಳತೆಗೆ ಬಂದಿರುತ್ತದೆ, ಒಣಗಲು ಬಿಟ್ಟರೆ ಅಳತೆ ಬದಲಾಗುತ್ತದೆ. ಬಾಯಲ್ಲಿ ಇಲ್ಲದಾಗ ಅದು ತಣ್ಣೀರಿನಲ್ಲಿ ಮುಳುಗಿರಬೇಕು. ಬಚ್ಚಲ ಹಂಡೆಯ ಬಿಸಿನೀರಿನಲ್ಲಂತೂ ತೊಳೆಯಲೇಬಾರದು.

ಅಘನಾಶಿನಿ_72:

ಇಷ್ಟೆಲ್ಲ ಏಕೆ? ಔಷಧ ಅಂಗಡಿಯಲ್ಲಿ ಸೆಟ್ ಅಂಟಿಸುವ ಕ್ರೀಮ್ ಸಿಗುತ್ತದೆ. ನಮ್ಮ ಮಾವನವರು ಬೆಳಿಗ್ಗೆ ಸಂಜೆ ಅದನ್ನೇ ಹಚ್ಚಿಕೊಂಡು ಮೂರು ವರ್ಷದಿಂದ ಆರಾಮವಾಗಿ ಊಟ ಮಾಡುತ್ತಿದ್ದಾರೆ. ಇತ್ತೀಚೆಗೆ ಟ್ಯೂಬ್ ಬೇಗ ಖಾಲಿಯಾಗುತ್ತಿದೆ ಎನ್ನುವುದೊಂದೇ ದೂರು.

ನಿವೃತ್ತ ಮಾಸ್ತರು (ಹೊನ್ನಾವರ):

ಒಂಬತ್ತು ವರ್ಷಗಳಿಂದ ಎರಡೂ ಸೆಟ್ ಧರಿಸುತ್ತಿರುವವನ ಮಾತಿದು. ನಾನು ಊರಿನ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದವನಾದ್ದರಿಂದ, ತಿನ್ನುವುದಕ್ಕಿಂತ ಮಾತಿನ ಚಿಂತೆಯೇ ನನಗೆ ಹೆಚ್ಚಾಗಿತ್ತು. ಮೊದಲ ವಾರ ನಾನು ಬಾಯಿ ತೆರೆದರೆ 'ಸ' ಮತ್ತು 'ಶ' ಎರಡೂ ಸಿಳ್ಳೆಯಾಗುತ್ತಿದ್ದವು. ತಕಾರ, ದಕಾರ, ನಕಾರಗಳಿಗೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಯನ್ನು ಮುಟ್ಟಬೇಕಷ್ಟೆ. ಆ ಹಲ್ಲೇ ಹೊಸದು, ಅದರ ಹಿಂದಿನ ಗೋಡೆ ದಪ್ಪ, ನಾಲಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸುತ್ತಿತ್ತು. ಕೃಷ್ಣಸಂಧಾನದ ಕೌರವನಾಗಿ ಕುಳಿತು "ಸೂಜಿಯ ಮೊನೆಯಷ್ಟು" ಎನ್ನುವಾಗ ಎದುರಿನವರ ಮುಖಕ್ಕೆ ಉಗುಳು ಹಾರಿದರೆ ಹೇಗಿರುತ್ತದೆ, ಊಹಿಸಿ.

ವೈದ್ಯರಿಗೆ ಹೇಳಿದೆ. ಮುಂದಿನ ಹಲ್ಲುಗಳ ಹಿಂದೆ ಅಂಗುಳದ ಭಾಗವನ್ನು ಕೂದಲೆಳೆಯಷ್ಟು ಉಜ್ಜಿ ತೆಳುಮಾಡಿದರು, ಸಿಳ್ಳೆ ಅರ್ಧಕ್ಕರ್ಧ ನಿಂತಿತು. ಉಳಿದರ್ಧವನ್ನು ಕಳೆದದ್ದು ನಾನೇ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಪ್ರಸಂಗದ ಪದ್ಯಗಳನ್ನು ಗಟ್ಟಿಯಾಗಿ, ನಿಧಾನವಾಗಿ ಅರ್ಧ ಗಂಟೆ ಓದುತ್ತಿದ್ದೆ. ಹದಿನೈದನೆಯ ದಿನಕ್ಕೆ ಸೊಸೆ, "ಮಾವಾ, ಈಗ ಹಲ್ಲಿನ ಶಬ್ದ ಕೇಳುವುದಿಲ್ಲ, ನಿಮ್ಮದೇ ಕೇಳುತ್ತದೆ" ಎಂದಳು.

ತಿನ್ನುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಹುಟ್ಟಿದ ಹಲ್ಲಿನ ಶಕ್ತಿಯ ಕಾಲು ಭಾಗ ಈ ಹಲ್ಲಿನಲ್ಲಿದ್ದರೆ ಹೆಚ್ಚು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು, ಅದು ನಿಜ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆದರೆ ಸೆಟ್‌ನ ಹಿಂಬದಿ ಮೇಲೇಳುತ್ತದೆ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ತುತ್ತನ್ನು ಎರಡು ಭಾಗ ಮಾಡಿ ಎರಡೂ ದವಡೆಗೆ ಸರಿಸಿಕೊಂಡು ಅಗಿಯುವುದನ್ನು ನಾನು ಉಪ್ಪಿಟ್ಟಿನಿಂದ ಶುರುಮಾಡಿ, ಇಡ್ಲಿ, ಬೇಯಿಸಿದ ಬಾಳೆಕಾಯಿ ಎಂದು ಮುಂದುವರಿದು, ಎರಡನೆಯ ತಿಂಗಳಿಗೆ ಕುಚ್ಚಿಗೆ ಅಕ್ಕಿ ಅನ್ನಕ್ಕೆ ಬಂದೆ. ಕರಿ ಇಶಾಡು ಮಾವಿನ ಹಣ್ಣನ್ನು ಹೋಳು ಮಾಡಿ ತಿನ್ನುತ್ತೇನೆ. ಗೊರಟೆ ಚೀಪುವ ಸುಖ ಹೋಯಿತು. ಹಲಸಿನ ಹಪ್ಪಳವನ್ನು ಸಾರಿನಲ್ಲಿ ಅದ್ದಿ ತಿನ್ನುವುದನ್ನು ನೋಡಿ ಮೊಮ್ಮಕ್ಕಳು ನಗುತ್ತಾರೆ.

ತೋಟದಂಚು ಅವರೇ, ನಿಮ್ಮ ತಂದೆಯವರು ಕೆಳಗಿನದು ಸಡಿಲವೆಂದು ಮೇಲಿನದನ್ನೂ ಬಿಚ್ಚಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಎರಡು ತಿಂಗಳು ಬಿಟ್ಟರೆ ಬಾಯಿ ಕಲಿತದ್ದನ್ನೂ ಮರೆಯುತ್ತದೆ.

ಬೈತಖೋಲದ ಮಗಳು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಮೀನಿಲ್ಲದೆ ಊಟವಾಗದ ಮನೆ. ಅಮ್ಮನಿಗೆ ಹೋದ ವರ್ಷ ಮೇಲಿನ ಸೆಟ್ ಕಟ್ಟಿಸಿದೆವು. ತಾರ್ಲೆಯ ಮುಳ್ಳನ್ನು ನಾಲಿಗೆಯಲ್ಲೇ ಬೇರ್ಪಡಿಸಿ ಉಗುಳುತ್ತಿದ್ದ ಅಮ್ಮ, ಸೆಟ್ ಬಂದ ಮೂರನೆಯ ದಿನ ಮುಳ್ಳನ್ನು ನುಂಗಿ, ಅದು ಗಂಟಲಲ್ಲಿ ಸಿಕ್ಕಿ, ರಾತ್ರಿ ಆಸ್ಪತ್ರೆಗೆ ಓಡಬೇಕಾಯಿತು. ಅಂಗುಳ ಮುಚ್ಚಿಹೋದ ಮೇಲೆ ಮುಳ್ಳು ತಾಗಿದ್ದು ಗೊತ್ತಾಗುವುದಿಲ್ಲ, ಚಹದ ಬಿಸಿಯೂ ಗಂಟಲಿಗೆ ಇಳಿದ ಮೇಲೆಯೇ ಗೊತ್ತಾಗುತ್ತದೆ ಎಂದು ಅಲ್ಲಿ ತಿಳಿಯಿತು. ಈಗ ಬಂಗಡೆಯಾದರೂ ಸರಿ, ಬೆರಳಿನಿಂದ ಬಿಡಿಸಿ ಮುಳ್ಳು ನೋಡಿಯೇ ಬಾಯಿಗಿಡುತ್ತಾರೆ.

ನನ್ನ ಪ್ರಶ್ನೆ ಬೇರೆ. ಅಮ್ಮನ ಕೆಳದವಡೆಯಲ್ಲಿ ಮುಂದೆ ಆರು ಹಲ್ಲುಗಳಿವೆ, ಅವುಗಳಲ್ಲಿ ಎರಡು ಕೋರೆಹಲ್ಲುಗಳು ಗಟ್ಟಿಯಾಗಿವೆ. ಎಲ್ಲ ಕಿತ್ತು ಕೆಳಗೂ ಪೂರ್ತಿ ಸೆಟ್ ಹಾಕಿಸಿದರೆ ತಾಪತ್ರಯ ಮುಗಿಯುತ್ತದೆ ಎಂದು ಅಣ್ಣ ಹೇಳುತ್ತಾನೆ. ಹಾಗೆ ಮಾಡಬಹುದೇ?

ದಂತವೈದ್ಯೆ (ಕುಮಟಾ):

ಬಾಯಿ ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ; ಆದರೆ ಕೇಳಿರುವ ಪ್ರಶ್ನೆಗಳಲ್ಲಿ ಕೆಲವಕ್ಕೆ ನೋಡದೆಯೂ ಉತ್ತರಿಸಬಹುದು.

ತೋಟದಂಚು ಅವರ ಪ್ರಶ್ನೆಗೆ ಉತ್ತರ ಅವರ ಪತ್ರದಲ್ಲೇ ಇದೆ: ನಾಲ್ಕನೆಯ ವಾರ. ದವಡೆಯಲ್ಲಿ ಹಲ್ಲಿನ ಬೇರುಗಳನ್ನು ಹಿಡಿದುಕೊಂಡಿರುವ ಮೂಳೆಯ ದಿಂಡು ಇರುವುದೇ ಆ ಬೇರುಗಳಿಗಾಗಿ. ಬೇರು ಹೋದ ಕೂಡಲೇ ಅದು ಕರಗತೊಡಗುತ್ತದೆ. ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗೆ ಈ ಕರಗುವಿಕೆ ವೇಗವಾಗಿದ್ದು, ಆಮೇಲೆ ನಿಧಾನವಾದರೂ ಜೀವಮಾನವಿಡೀ ನಿಲ್ಲುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ನೋಡಿದರೆ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ನಿಮ್ಮ ತಂದೆಯವರ ಸೆಟ್ ಏಪ್ರಿಲ್‌ನ ದವಡೆಗೆ ಸರಿಯಾಗಿತ್ತು, ಈಗ ಅವರ ಬಾಯಲ್ಲಿ ಇರುವುದು ಆ ದವಡೆಯಲ್ಲ. ಹಾಗಾಗಿ ಮೊದಲು ಮಾಡಿದವರನ್ನು ದೂರುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ. ಹೀಗೆ ಬೇಗ ಕಟ್ಟಿಸಿದ ಸೆಟ್‌ಗೆ ವರ್ಷದೊಳಗೆ ಒಮ್ಮೆಯಾದರೂ ರಿಲೈನ್ ಮಾಡಿಸಬೇಕಾಗುತ್ತದೆ ಎಂಬುದನ್ನು ಮನೆಯವರಿಗೆ ಇನ್ನಷ್ಟು ಒತ್ತಿ ಹೇಳಬೇಕಿತ್ತು ಎನ್ನಬಹುದು, ಅಷ್ಟೆ.

ರಿಲೈನ್ ಎಂದರೆ ಹಲ್ಲುಗಳನ್ನು ಹಾಗೇ ಉಳಿಸಿಕೊಂಡು ಒಸಡಿಗೆ ತಾಗುವ ಒಳಮೈಯನ್ನು ಮಾತ್ರ ಹೊಸದಾಗಿ ಮಾಡುವುದು. ಸೆಟ್‌ನ ಒಳಗೆ ತುಸು ಕೆರೆದು, ಅಚ್ಚಿನ ಪೇಸ್ಟ್ ಹಾಕಿ, ಹಲ್ಲು ಕೂಡಿಸಿ ಕಚ್ಚಿಸಿ ಅಚ್ಚು ತೆಗೆಯುತ್ತೇವೆ. ದವಡೆ ಎಲ್ಲಿ ಇಳಿದಿದೆಯೋ ಅಲ್ಲಿ ಪೇಸ್ಟ್ ದಪ್ಪಗೆ ನಿಲ್ಲುತ್ತದೆ. ಲ್ಯಾಬ್‌ನಲ್ಲಿ ಆ ಪೇಸ್ಟಿನ ಜಾಗಕ್ಕೆ ಅಕ್ರಿಲಿಕ್ ಬರುತ್ತದೆ. ಹೊಸ ಸೆಟ್‌ಗಿಂತ ಖರ್ಚು ಬಹಳ ಕಡಿಮೆ. ಸೆಟ್ ಒಣಗಿ ತಿರುಚಿಕೊಂಡಿದ್ದರೆ ಅಥವಾ ಹಲ್ಲು ಕೂಡುವ ಎತ್ತರವೇ ತಪ್ಪಿದ್ದರೆ ಮಾತ್ರ ಹೊಸದರ ಮಾತು. ಆದರೆ ಆ ಕೆಂಪು ಗೆರೆ ಮಾಯದೆ ಅಚ್ಚು ತೆಗೆಯಬಾರದು, ಊದಿದ ಒಸಡಿನ ಅಚ್ಚು ಸುಳ್ಳು ಅಚ್ಚು.

ಕ್ರೀಮ್ ಬಗ್ಗೆ: ಸರಿಯಾಗಿ ಕೂರುವ ಸೆಟ್‌ಗೆ ಸಮಾರಂಭದ ದಿನ ಚೂರು ಹಚ್ಚಿಕೊಂಡರೆ ತಪ್ಪಿಲ್ಲ. ಸಡಿಲವಾದ ಸೆಟ್‌ನ ಸಂದು ತುಂಬಲು ಅದನ್ನು ಬಳಸಿದರೆ, ಅಡಿಯಲ್ಲಿ ಮೂಳೆ ಸವೆಯುತ್ತಿರುವುದು ಗೊತ್ತೇ ಆಗುವುದಿಲ್ಲ. ಅಘನಾಶಿನಿಯವರ ಮಾವನವರ ಟ್ಯೂಬ್ ಬೇಗ ಖಾಲಿಯಾಗುತ್ತಿರುವುದು ಅದರ ಸೂಚನೆಯೇ ಇರಬಹುದು, ಒಮ್ಮೆ ತೋರಿಸಿ.

ಇಂಪ್ಲಾಂಟ್ ಎಂದೊಡನೆ ಬಾಯಿ ತುಂಬ ಸ್ಕ್ರೂ ಎಂದು ಹೆದರುವುದು ಬೇಡ, ಲಕ್ಷಗಟ್ಟಲೆ ಎಂದು ಕೈಬಿಡುವುದೂ ಬೇಡ. ಟೈಟಾನಿಯಂ ಲೋಹದ ಮೊಳೆಯನ್ನು ದವಡೆಯೊಳಗೆ ಕೂರಿಸಿದರೆ ಮೂಳೆ ಅದನ್ನು ಹಿಡಿದುಕೊಂಡು ಬೆಳೆಯುತ್ತದೆ; ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹೀಗೆ ಮಾಡಿದ್ದರು. ಹಲ್ಲಿಲ್ಲದ ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿ, ಬಿಚ್ಚಿ ಹಾಕಬಹುದಾದ ಸೆಟ್ಟನ್ನು ಅವುಗಳ ಮೇಲೆ ಕೂರಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದು 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ರವಿಕೆಯ ಟಿಚ್ ಬಟನ್‌ನಂತೆ ಸೆಟ್ ಅವುಗಳ ಮೇಲೆ ಟಿಕ್ ಎಂದು ಕೂರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಹೊಗೆಸೊಪ್ಪು ನಿಲ್ಲಬೇಕು, ಸಾಕಷ್ಟು ಮೂಳೆ ಇರಬೇಕು. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಕಾಲೇಜು ನಿಮಗೆ ದೂರವಲ್ಲ, ಕಾರವಾರದವರಿಗೆ ಗೋವಾದ ಬಾಂಬೋಳಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿದ್ದರೆ, ರಾಜ್ಯ ಸರ್ಕಾರ ಉಚಿತ ಸೆಟ್‌ಗಾಗಿ ತಂದ ದಂತ ಭಾಗ್ಯ ಯೋಜನೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಬೈತಖೋಲದವರೇ, ಗಟ್ಟಿಯಿರುವ ಕೋರೆಹಲ್ಲುಗಳನ್ನು ದಯವಿಟ್ಟು ಕೀಳಿಸಬೇಡಿ. ಬೇರು ಇದ್ದಷ್ಟು ದಿನ ಅದರ ಸುತ್ತಲ ಮೂಳೆ ಉಳಿಯುತ್ತದೆ. ಉಳಿದ ನಾಲ್ಕೂ ಚೆನ್ನಾಗಿದ್ದರೆ ಇರುವ ಹಲ್ಲುಗಳಿಗೆ ಹಿಡಿಕೆ ಹಾಕಿ ಹಿಂದಿನ ಹಲ್ಲುಗಳನ್ನು ಮಾತ್ರ ಕಟ್ಟಬಹುದು. ಅಕ್ರಿಲಿಕ್‌ಗಿಂತ ತೆಳುವಾದ, ಗಟ್ಟಿಯಾದ ಕೋಬಾಲ್ಟ್-ಕ್ರೋಮಿಯಂ ಲೋಹದ ಚೌಕಟ್ಟು ಅದಕ್ಕೆ ಮೇಲು. ನಾಲ್ಕು ಹೋದರೂ, ಎರಡು ಕೋರೆಹಲ್ಲುಗಳಿಗೆ ಬೇರಿನ ಚಿಕಿತ್ಸೆ ಮಾಡಿ, ಒಸಡಿನ ಮಟ್ಟಕ್ಕೆ ಗಿಡ್ಡ ಮಾಡಿ, ಅವುಗಳ ಮೇಲೆ ಸೆಟ್ ಕೂರಿಸಬಹುದು. ದೇವರು ಕೊಟ್ಟ ಎರಡು ಇಂಪ್ಲಾಂಟ್ ಎಂದು ಅಣ್ಣನಿಗೆ ಹೇಳಿ.

ಕೊನೆಯದಾಗಿ ಕವಳ. ಅಡಿಕೆ ಬೆಳೆಗಾರರ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುವವರಿದ್ದಾರೆ. ಅಂಥವರಿಗೆ ಅಚ್ಚಿನ ಟ್ರೇ ಒಳಗೆ ಹೋಗುವುದೇ ಇಲ್ಲ. ತಂದೆಯವರು ತಮ್ಮ ಮೂರು ಬೆರಳುಗಳನ್ನು ನಿಲುವಾಗಿ ಬಾಯೊಳಗೆ ಹಿಡಿಸಬಲ್ಲರೇ ನೋಡಿ. ಆ ಕೆಂಪು ಗೆರೆ ಸೆಟ್ ತೆಗೆದಿಟ್ಟು ಎರಡು ತಿಂಗಳಾದರೂ ಉಳಿದಿದ್ದರೆ, ಅದು ಸೆಟ್‌ನ ಗಾಯವೇ ಎಂದು ನಂಬಿ ಕೂರಬೇಡಿ. ಎರಡು ವಾರಕ್ಕೆ ಮಾಯದ ಬಾಯಿಯ ಯಾವ ಗಾಯವನ್ನೂ ತೋರಿಸಲೇಬೇಕು. ಈ ವಾರವೇ ಹೋಗಿ, ರಿಲೈನ್ ಆಮೇಲೆ.

ತೋಟದಂಚು (ಶಿರಸಿ):

ತಡವಾಗಿ ಬರೆಯುತ್ತಿದ್ದೇನೆ. ಡಾಕ್ಟರರ ಕೊನೆಯ ಸಾಲುಗಳನ್ನು ಓದಿದ ಮರುದಿನವೇ ಅಪ್ಪಯ್ಯನನ್ನು ಕರೆದುಕೊಂಡು ಅದೇ ವೈದ್ಯರ ಬಳಿ ಹೋದೆ. ಗೆರೆಯನ್ನು ಬೆರಳಿನಿಂದ ಒತ್ತಿ ನೋಡಿ, ಕೆನ್ನೆಯ ಒಳಗೆಲ್ಲ ಟಾರ್ಚ್ ಬಿಟ್ಟು ನೋಡಿದರು. ಅಪ್ಪಯ್ಯನನ್ನು ಅವರು ನೇರವಾಗಿ ಕೇಳಿದ ಮೇಲೆ ನಿಜ ಹೊರಬಿತ್ತು: ಎರಡು ತಿಂಗಳಿಂದ ಡಬ್ಬಿಯಲ್ಲೇ ಇದೆ ಎಂದು ನಾವು ತಿಳಿದಿದ್ದ ಕೆಳಗಿನ ಸೆಟ್ಟನ್ನು ಅವರು ತೋಟಕ್ಕೆ ಹೋಗುವಾಗ ಕವಳ ಅಗಿಯಲೆಂದು ಗುಟ್ಟಾಗಿ ಹಾಕಿಕೊಳ್ಳುತ್ತಿದ್ದರು. ಹತ್ತು ದಿನ ಸೆಟ್ಟನ್ನೂ ಕವಳವನ್ನೂ ಮುಟ್ಟಬಾರದೆಂದು ಹೇಳಿ ಕಳಿಸಿದರು. ಮತ್ತೆ ಹೋದಾಗ ಗೆರೆ ಮಾಸಿತ್ತು. ಆದರೂ ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಬೇಕೆಂದಿದ್ದಾರೆ. ಮೂರು ಬೆರಳು ಹಿಡಿಸುವುದಿಲ್ಲ, ಎರಡೂವರೆ.

ಸೆಟ್ ಪುಣ್ಯಕ್ಕೆ ಸೊಟ್ಟಗಾಗಿರಲಿಲ್ಲ. ರಿಲೈನ್‌ಗೆ ಅಚ್ಚು ತೆಗೆದಾಗ ವೈದ್ಯರು ಅದನ್ನು ನನಗೆ ತೋರಿಸಿದರು: ಎಡಗಡೆ ಪೇಸ್ಟ್ ಚಪಾತಿಯ ದಪ್ಪ ನಿಂತಿತ್ತು. ಅಷ್ಟು ಮೂಳೆ ಹತ್ತು ತಿಂಗಳಲ್ಲಿ ಇಳಿದಿದೆ. ನಿನ್ನೆ ಸೆಟ್ ಬಾಯಿಗೆ ಬಂತು. ಮೇಲಿನದರಷ್ಟು ಬಿಗಿಯಿಲ್ಲ, ಆದರೆ ಮಾತಾಡುವಾಗ ಏಳುತ್ತಿಲ್ಲ. ಇಂಪ್ಲಾಂಟ್ ವಿಚಾರವನ್ನು ಆರು ತಿಂಗಳು ಬಿಟ್ಟು ನೋಡೋಣವೆಂದು ತಂಗಿಯನ್ನು ಒಪ್ಪಿಸಿದ್ದೇನೆ.

ಸ್ಟೀಲ್ ಡಬ್ಬಿ ಮತ್ತೆ ಆಯಿಯ ಸಾಸಿವೆಗೆ ಸಿಕ್ಕಿತು. ಈಗ ಜಗಲಿಯ ಕಿಟಕಿಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿ ಇದೆ. ರಾತ್ರಿ ಅಪ್ಪಯ್ಯ ತಾವೇ ಮೆತ್ತನೆಯ ಬ್ರಷ್‌ನಲ್ಲಿ ಸೋಪು ಹಾಕಿ ತೊಳೆದು ಅದರಲ್ಲಿಡುತ್ತಾರೆ. ಮಾಸ್ತರರ ಉಪ್ಪಿಟ್ಟಿನ ಪಾಠ ಇಂದು ಬೆಳಿಗ್ಗೆ ಶುರುವಾಗಿದೆ. ಕವಳದ ತಟ್ಟೆ ಮಾತ್ರ ಇನ್ನೂ ಜಗಲಿಯಲ್ಲೇ ಇದೆ. ಅದನ್ನು ಒಳಗಿಡಲೇ ಎಂದು ಆಯಿ ಎರಡು ಸಲ ಕೇಳಿದಳು, ಅಪ್ಪಯ್ಯ ಹೊಸ ಹಲ್ಲು ಕೂಡಿಸಿಕೊಂಡು ಸುಮ್ಮನೆ ಕುಳಿತಿದ್ದರು.